ಒಂದು ಹೊಡೆತದ ಅಂತರ

 

ಧಮ್ಮ ಬಂಧುಗಳೇ, ಇಂದಿನ ಚಿಂತನೆ ಹತ್ತು ಪಾರಮಿತೆಗಳಲ್ಲಿ ಒಂದಾದ ಉಪೇಕ್ಖಾ ಕುರಿತು.

ಕಳೆದ ತಿಂಗಳು ನನ್ನ ಮಗಳ ಪರೀಕ್ಷೆಯ ಫಲಿತಾಂಶ ಬಂತು. ಸರ್ಕಾರಿ ನೌಕರಿಗಾಗಿ ಎರಡು ವರ್ಷ ಓದಿದ್ದಳು. ಆಯ್ಕೆ ಪಟ್ಟಿಗೆ ಒಂದೂವರೆ ಅಂಕ ಸಾಲಲಿಲ್ಲ. ರಾತ್ರಿ ಊಟ ಬಿಟ್ಟು ಕೂತವಳಿಗೆ ನಾನು, "ಬಿಡವ್ವ, ಎಲ್ಲಾ ಅನಿತ್ಯ. ಉಪೇಕ್ಖಾ ಇರಲಿ" ಅಂದೆ. ಅವಳು ತಲೆ ಎತ್ತಿ, "ಅಜ್ಜಿ ಹಣೆಬರಹ ಅಂತಿದ್ರು. ನೀನು ಉಪೇಕ್ಖಾ ಅಂತೀಯ. ಎರಡಕ್ಕೂ ಏನಮ್ಮ ವ್ಯತ್ಯಾಸ?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಹಣೆಬರಹವನ್ನು ಬಿಟ್ಟು ಬರುವುದಕ್ಕೆಂದೇ ನಾವು ದೀಕ್ಷೆ ತೆಗೆದುಕೊಂಡವರು. ಅದನ್ನೇ ಪಾಳಿ ಹೆಸರಿನಲ್ಲಿ ಮನೆಯೊಳಗೆ ತಂದುಬಿಟ್ಟೆನೇ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಆಗ ನೆನಪಾದದ್ದು 2021ರ ಆಗಸ್ಟ್ 7ರ ಬೆಳಿಗ್ಗೆ. ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ನಾವಿಬ್ಬರೂ ಅಂದು ಟಿ.ವಿ. ಮುಂದೆ ಕೂತಿದ್ದೆವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದರು. ಆಗ ವಿಶ್ವ ಕ್ರಮಾಂಕದಲ್ಲಿ ಅವರು 200ನೆಯವರು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲು. ನಾಲ್ಕು ದಿನ, 72 ಕುಳಿ ಆಡಿ ಅದಿತಿ 269 ಹೊಡೆತಗಳಲ್ಲಿ ಮುಗಿಸಿದರು. ಎರಡು ಮತ್ತು ಮೂರನೇ ಸ್ಥಾನದವರದು 268. ಒಂದೇ ಒಂದು ಹೊಡೆತಕ್ಕೆ ಪದಕ ಕೈತಪ್ಪಿ ನಾಲ್ಕನೇ ಸ್ಥಾನ ಬಂತು.

ಎರಡು ವರ್ಷದ ನಂತರ, 2023ರಲ್ಲಿ ಚೀನಾದ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟ. ಭಾರತದ ಮಹಿಳಾ ತಂಡದ ಮೂವರೂ ಕರ್ನಾಟಕದವರು: ಅದಿತಿ, ನಮ್ಮ ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಮೂರನೇ ದಿನ ಅದಿತಿ ಬರೀ 61 ಹೊಡೆತಗಳಲ್ಲಿ ಸುತ್ತು ಮುಗಿಸಿ ಏಳು ಹೊಡೆತ ಮುಂದಿದ್ದರು. ಚಿನ್ನ ಬಂದೇಬಿಟ್ಟಿತು ಎಂದು ಎಲ್ಲರೂ ಅಂದುಕೊಂಡರು. ಕೊನೆಯ ದಿನ 77 ಆಯಿತು, ಚಿನ್ನ ಥಾಯ್ಲೆಂಡಿಗೆ ಹೋಯಿತು. ಬೆಳ್ಳಿ ಗೆದ್ದ ಅದಿತಿ ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಲಾಭ ನಷ್ಟ, ಹೊಗಳಿಕೆ ತೆಗಳಿಕೆ ಎಂದು ಭಗವಾನರು ಹೇಳಿದ ಎಂಟು ಲೋಕಧಮ್ಮಗಳು ಒಬ್ಬ ಹುಡುಗಿಯ ಮೇಲೆ ಒಂದೇ ವಾರದಲ್ಲಿ ಬೀಸಿದವು. ಅವರು ಏನು ಮಾಡಿದರು? ಎರಡು ತಿಂಗಳು ತುಂಬುವ ಮೊದಲೇ ಸ್ಪೇನ್‌ನಲ್ಲಿ ಆಡಿ ಅಲ್ಲಿನ ಓಪನ್ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ಮೂರನೇ ಒಲಿಂಪಿಕ್ಸ್ ಆಡಿದರು.

ಮರುದಿನ ಬೆಳಿಗ್ಗೆ ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' ತೆರೆದೆ. ಉಪೇಕ್ಖಾ ಬೇರೆ, ಉದಾಸೀನ ಬೇರೆ ಎಂದು ಅಲ್ಲಿ ಬಾಬಾಸಾಹೇಬರು ಸ್ಪಷ್ಟವಾಗಿ ಬಿಡಿಸಿದ್ದಾರೆ. ಫಲ ಮನಸ್ಸನ್ನು ಅಲುಗಾಡಿಸಬಾರದು, ಆದರೆ ಕೆಲಸ ನಿಲ್ಲಬಾರದು. ಅದೇ ಪಟ್ಟಿಯಲ್ಲಿ ವೀರ್ಯವೂ ಇದೆ. ವೀರ್ಯವಿಲ್ಲದ ಉಪೇಕ್ಖಾ ಹಣೆಬರಹವಾಗುತ್ತದೆ. ಉಪೇಕ್ಖಾ ಇಲ್ಲದ ವೀರ್ಯ ಒಂದೇ ಸೋಲಿಗೆ ಮುರಿಯುತ್ತದೆ.

ಬಾಬಾಸಾಹೇಬರು ಬಾಳಿದ್ದೂ ಹಾಗೆಯೇ. 1952ರ ಲೋಕಸಭಾ ಚುನಾವಣೆಯಲ್ಲಿ ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಆದರೆ 1935ರಲ್ಲಿ ಯೇವಲೆಯಲ್ಲಿ ಕೊಟ್ಟ ಮಾತನ್ನು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆಸಿಕೊಟ್ಟರು.

ಗಾಲ್ಫ್ ದುಡ್ಡಿನ ಆಟ, ನಮ್ಮ ಬೀದಿಯ ಮಕ್ಕಳಿಗೆ ಅದರ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ, ನಿಜ. ಆದರೆ ಬಾಗಿಲು ಹೇಗೆ ತೆರೆಯುತ್ತದೆ ಎಂಬುದಕ್ಕೆ ಕೊರಿಯಾದ ಪಾಕ್ ಸೆ ರಿ ಸಾಕ್ಷಿ. ಅದಿತಿ ಹುಟ್ಟಿದ 1998ರಲ್ಲೇ, ಕೊರಿಯಾ ಆರ್ಥಿಕ ಸಂಕಟದಲ್ಲಿ ಬೇಯುತ್ತಿದ್ದಾಗ, 20 ವರ್ಷದ ಆಕೆ ಅಮೆರಿಕದ ಮಹಿಳಾ ಓಪನ್ ಆಡಿದರು. ಚೆಂಡು ಕೊಳದ ಅಂಚಿಗೆ ಬಿದ್ದಾಗ ಬೂಟು ಕಾಲುಚೀಲ ಕಳಚಿ ನೀರಿಗಿಳಿದು ಹೊಡೆದರು, ಕೊನೆಗೆ ಗೆದ್ದರು. ಅದನ್ನು ನೋಡಿದ ಎಷ್ಟೋ ಹುಡುಗಿಯರು ಗಾಲ್ಫ್ ಹಿಡಿದರು. ಅವರಲ್ಲೊಬ್ಬರಾದ ಪಾಕ್ ಇನ್ ಬೀ 2016ರ ರಿಯೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಅಂದು ತಂಡದ ಕೋಚ್ ಪಾಕ್ ಸೆ ರಿ. ನಮ್ಮ ಪ್ರಯತ್ನದ ಫಲ ನಮ್ಮ ಕೈಗೇ ಬರಬೇಕೆಂದಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. "ಮೊದಲು ಕೀ ಉತ್ತರ ಸರಿಯಾಗಿ ನೋಡು. ಅನ್ಯಾಯ ಆಗಿದ್ದರೆ ಆಕ್ಷೇಪಣೆ ಹಾಕು. ಸುಮ್ಮನಿರುವುದು ಉಪೇಕ್ಖಾ ಅಲ್ಲ. ಆಗಿಲ್ಲದಿದ್ದರೆ ಅಳು ಮುಗಿಸಿ ಪುಸ್ತಕ ತೆಗಿ." ಅವಳು ಏನೂ ಹೇಳಲಿಲ್ಲ, ತಟ್ಟೆ ಮಾತ್ರ ಹತ್ತಿರ ಎಳೆದುಕೊಂಡಳು.

ಟೋಕಿಯೊದಲ್ಲಿ ಅದಿತಿಯ ಕ್ಯಾಡಿಯಾಗಿ ಬ್ಯಾಗ್ ಹೊತ್ತು ನಡೆದದ್ದು ಅವರ ತಾಯಿ. ಮಗಳ ಹೊಡೆತವನ್ನು ತಾಯಿ ಹೊಡೆಯಲಾಗದು, ಜೊತೆಗೆ ನಡೆಯಬಹುದು. ಈಗ ಬೆಳಿಗ್ಗೆ ಐದಕ್ಕೆ ಎದ್ದು ಮಗಳಿಗೆ ಟೀ ಮಾಡಿಕೊಟ್ಟು ಪಕ್ಕದಲ್ಲಿ ಕೂತು ನಾನೂ ಧಮ್ಮ ಓದುತ್ತೇನೆ.

ಇಂದಿನ ಅಭ್ಯಾಸ: ಇತ್ತೀಚಿನ ಒಂದು ಸೋಲನ್ನು ನೆನೆಯಿರಿ. ಅಲ್ಲಿ ಬಿಟ್ಟದ್ದು ಫಲದ ಚಿಂತೆಯನ್ನೋ, ಕೆಲಸವನ್ನೋ? ಐದು ನಿಮಿಷ ಮೌನವಾಗಿ ಕೂತು ಕೇಳಿಕೊಳ್ಳಿ.

ಸಾಧು, ಸಾಧು, ಸಾಧು.