ಅಕ್ಷರವಲ್ಲ, ಉಚ್ಚಾರ ನೋಡಿ
ಪ್ರಶ್ನೆ: ಮೇಡಂ, ನಮ್ಮೂರು ಶಿವಮೊಗ್ಗದ ಬಳಿಯ ಸೋಗಾನೆ. ಇಂಗ್ಲಿಷ್‌ನಲ್ಲಿ ಅರ್ಜಿ ಬರೆಯುವಾಗ ‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ತಿಳಿಯುವುದಿಲ್ಲ.

ಉತ್ತರ: ಕಣ್ಣಿಗಿಂತ ಕಿವಿ ನಂಬಿ. 2023ರಲ್ಲಿ ನಿಮ್ಮೂರಲ್ಲಿ ಉದ್ಘಾಟನೆಯಾದದ್ದು ‘ಆ್ಯನ್ ಏರ್‌ಪೋರ್ಟ್’. ಶುರುವಿನಲ್ಲೇ ಸ್ವರ ಕೇಳುತ್ತದೆ. ‘ಯೂನಿವರ್ಸಿಟಿ’ಯ ಮೊದಲ ಅಕ್ಷರ ‘ಯು’ ಸ್ವರವೇ ಆದರೂ ಬಾಯಲ್ಲಿ ಬರುವುದು ಯಕಾರ; ಹಾಗಾಗಿ ‘ಎ ಯೂನಿವರ್ಸಿಟಿ’. ಗಂಟೆ ಎಂಬರ್ಥದ ‘ಅವರ್’ನಲ್ಲಿ ‘ಎಚ್’ ಮೂಕ. ಅದಕ್ಕೇ ‘ಆ್ಯನ್ ಅವರ್’.

ಅರ್ಜಿಯಲ್ಲಿ ಇನ್ನೊಂದು ಎಚ್ಚರ: ನಮ್ಮ ಕನ್ನಡದ ‘ಬಗ್ಗೆ ಚರ್ಚಿಸು’ ನೆನೆದು ‘ಡಿಸ್ಕಸ್ ಅಬೌಟ್’ ಬರೆಯಬೇಡಿ. ‘ಡಿಸ್ಕಸ್’ ಒಂದೇ ಸಾಕು.

ವಿಳಾಸದಲ್ಲಿ ಹಳೇ ‘ಶಿಮೊಗ’ವೂ ಬೇಡ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅದು ಶಿವಮೊಗ್ಗ. ಕನ್ನಡದ ಒತ್ತಕ್ಷರ ನೆನಪಿಟ್ಟುಕೊಳ್ಳಿ. ‘ಗ್ಗ’ ಇರುವಲ್ಲಿ ‘ಜಿ’ ಎರಡು. ಕೊನೆಗೆ ಅರ್ಜಿಯನ್ನು ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿ.