ಯಂತ್ರಗಳ ದುಭಾಷಿ

ಬೆಳಗಾವಿ ನಗರದಿಂದ ಖಾನಾಪುರಕ್ಕೆ ಹೋಗುವ ಹಾದಿಯಲ್ಲಿ ಮಚ್ಛೆ ಎಂಬ ಊರಿದೆ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿರುವುದು ಇಲ್ಲಿಯೇ. ಈ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಬಹುಕಾಲ 8086 ಎಂಬ ಸಂಸ್ಕಾರಕಕ್ಕೆ ಕ್ರಮವಿಧಿಗಳನ್ನು ಬರೆದು ಅಭ್ಯಾಸ ಮಾಡಿದರು. ಸಂಸ್ಕಾರಕವೆಂದರೆ ಗಣಕಯಂತ್ರದ ಮಿದುಳು. ಕ್ರಮವಿಧಿಯೆಂದರೆ ಆ ಮಿದುಳು ಒಂದಾದ ಮೇಲೊಂದರಂತೆ ನೆರವೇರಿಸಬೇಕಾದ ಆಜ್ಞೆಗಳ ಸಾಲು.

ಇಂಟೆಲ್ ಸಂಸ್ಥೆಯು 8086ನ್ನು ಹೊರತಂದುದು 1978ರಲ್ಲಿ. ಅದು 16 ಬಿಟ್ಟುಗಳ ಸಂಸ್ಕಾರಕ. ಎಂದರೆ, ಸೊನ್ನೆ ಮತ್ತು ಒಂದು ಎಂಬ ಅಂಕಿಗಳನ್ನು ಹದಿನಾರು ಹದಿನಾರಾಗಿ ಎಣಿಸುವಂಥದು. ಇಂದಿನ ಗಣಕಗಳು ಸಾಮಾನ್ಯವಾಗಿ 64 ಬಿಟ್ಟುಗಳವು. 64 ಬಿಟ್ಟಿನ ವಿಂಡೋಸ್ ವ್ಯವಸ್ಥೆಯು 16 ಬಿಟ್ಟಿನ ಹಳೆಯ ಕ್ರಮವಿಧಿಯನ್ನು ತಾನಾಗಿ ನಡೆಸುವುದಿಲ್ಲ. ಬೇರೆ ಕುಲದ ಸಂಸ್ಕಾರಕಗಳಲ್ಲಂತೂ ಭಾಷೆಯೇ ಬೇರೆ. ಒಂದಕ್ಕೆ ‘ಕೂಡಿಸು’ ಎಂದು ತೋರುವ ಸಂಖ್ಯೆ ಇನ್ನೊಂದಕ್ಕೆ ಮತ್ತೇನನ್ನೋ ಸೂಚಿಸುತ್ತದೆ.

ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯಿಂದ ಮರಾಠಿಯನ್ನಷ್ಟೇ ಬಲ್ಲ ರೈತನೊಬ್ಬನು ಬೆಳಗಾವಿಯ ಕಚೇರಿಗೆ ಬಂದನೆನ್ನೋಣ. ಅಲ್ಲಿಯ ಅಧಿಕಾರಿಯು ಮೈಸೂರು ಕಡೆಯವರು. ಅವರಿಗೆ ಮರಾಠಿ ಬಾರದು. ಎರಡೂ ಭಾಷೆಗಳನ್ನು ಬಲ್ಲವನೊಬ್ಬನು ನಡುವೆ ನಿಂತರೆ ಕೆಲಸವು ಸುಗಮವಾಗುತ್ತದೆ. ಗಣಕದಲ್ಲಿ ಇಂತಹ ದುಭಾಷಿಯ ಕಾರ್ಯವನ್ನು ಮಾಡುವ ಒಂದು ಬಗೆಯ ತಂತ್ರಾಂಶಕ್ಕೆ ‘ಎಮ್ಯುಲೇಟರ್’ ಎಂದು ಹೆಸರು. 2002ರಲ್ಲಿ ಬಂದ ಡಾಸ್‌ಬಾಕ್ಸ್ ಅಂತಹುದೊಂದು. ಅದು ಹೊಸ ಗಣಕದೊಳಗೆ ಹಳೆಯ ಗಣಕವೊಂದನ್ನು ಕಲ್ಪಿಸುತ್ತದೆ. 8086ರ ಕ್ರಮವಿಧಿಯು ತನ್ನ ಮನೆಯಲ್ಲಿಯೇ ಇದ್ದೇನೆಂದು ಭಾವಿಸಿ ನಡೆಯುತ್ತದೆ.

ದುಭಾಷಿಯು ಎರಡು ವಿಧವಾಗಿ ಕೆಲಸ ಮಾಡಬಹುದು. ಮಾತು ಮಾತಿಗೂ ನಿಲ್ಲಿಸಿ ಅರ್ಥ ಹೇಳುವುದು ಮೊದಲನೆಯದು. ಇದರಿಂದ ಕೆಲಸವು ನಿಧಾನವಾಗುತ್ತದೆ. ಅರ್ಜಿಯನ್ನು ಪೂರ್ತಿಯಾಗಿ ಅನುವಾದಿಸಿಟ್ಟುಕೊಂಡು ಬೇಕಾದಾಗಲೆಲ್ಲ ಬಳಸುವುದು ಎರಡನೆಯದು. 2020ರಲ್ಲಿ ಆಪಲ್ ಸಂಸ್ಥೆಯು ತನ್ನ ಗಣಕಗಳ ಸಂಸ್ಕಾರಕವನ್ನು ಬದಲಿಸಿದಾಗ, ‘ರೊಸೆಟಾ 2’ ಎಂಬ ತಂತ್ರಾಂಶವು ಹಳೆಯ ಕ್ರಮವಿಧಿಗಳನ್ನು ಬಹುಮಟ್ಟಿಗೆ ಹೀಗೆ ಮುಂಚಿತವಾಗಿಯೇ ಅನುವಾದಿಸಿತು. ಈ ಉಪಾಯವು ಹೊಸದೇನಲ್ಲ. 1964ರಲ್ಲಿ ಐಬಿಎಂ ಸಂಸ್ಥೆಯು ‘ಸಿಸ್ಟಂ 360’ ಗಣಕಗಳನ್ನು ಪ್ರಕಟಿಸಿದಾಗ, ತನ್ನ ಹಿಂದಿನ 1401 ಗಣಕದ ಕ್ರಮವಿಧಿಗಳೂ ಅವುಗಳಲ್ಲಿ ನಡೆಯುವಂತೆ ಏರ್ಪಾಡು ಮಾಡಿತ್ತು.

ಒಳ್ಳೆಯ ದುಭಾಷಿಯು ಹೇಳಿದವನ ಮಾತನ್ನು ತಿದ್ದುವುದಿಲ್ಲ. ಎಮ್ಯುಲೇಟರ್ ಕೂಡ ಹಳೆಯ ಯಂತ್ರದ ಗುಣಗಳನ್ನು ಮಾತ್ರವಲ್ಲದೆ ಅದರ ಕುಂದುಗಳನ್ನೂ ಅನುಕರಿಸಬೇಕಾಗುತ್ತದೆ. ಏಕೆಂದರೆ, ಅನೇಕ ಕ್ರಮವಿಧಿಗಳನ್ನು ಆ ಕುಂದುಗಳಿಗೆ ಹೊಂದಿಸಿಯೇ ಬರೆಯಲಾಗಿರುತ್ತದೆ.

ಯಂತ್ರದ ಆಯುಷ್ಯ ಕೆಲವೇ ವರ್ಷಗಳದು. ಅದರಲ್ಲಿ ಬರೆದಿಟ್ಟ ಲೆಕ್ಕ, ದಾಖಲೆ, ಬರೆಹಗಳ ಅಗತ್ಯವು ಅದಕ್ಕಿಂತ ದೀರ್ಘವಾದುದು. ಅವುಗಳನ್ನು ಓದಿ ಹೇಳುವ ದುಭಾಷಿಯಿಲ್ಲದಿದ್ದರೆ, ಲಿಪಿಯನ್ನು ಬಲ್ಲವರಿಲ್ಲದ ಶಾಸನದಂತೆ ಅವು ಕಣ್ಣೆದುರಿಗಿದ್ದೂ ಮೂಕವಾಗುತ್ತವೆ.