ಅಲ್ಪ ವೆಚ್ಚದಲ್ಲಿ ಸ್ವಯಂಚಾಲಿತ ಮನೆ

‘ಸ್ಮಾರ್ಟ್ ಹೋಮ್’ ಎಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಜಾಹೀರಾತುಗಳನ್ನು ನೋಡಿದರೆ, ಬಾಯಿಮಾತಿಗೆ ಓಗೊಟ್ಟು ದೀಪ ಹತ್ತುವುದು, ಕಿಟಕಿಯ ಪರದೆ ತಾನಾಗಿ ಸರಿಯುವುದು, ಇಷ್ಟೇ ಇದರ ಸಾರವೆಂದು ತೋರುತ್ತದೆ. ಇದು ಹಣವಂತರ ವಿನೋದ, ನಮ್ಮಂಥವರಿಗೆ ಎಟುಕುವುದಲ್ಲ ಎಂದು ಅನೇಕರು ತಿಳಿದಿದ್ದಾರೆ. ಈ ಎಣಿಕೆ ಸರಿಯಲ್ಲ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಕಲಾ ವಿಭಾಗದವನು. ಆದರೂ ನಮ್ಮ ಮನೆಯಲ್ಲಿ ಕೈಯಾರೆ ಮಾಡಿ, ಕೆಡಿಸಿ, ಮತ್ತೆ ಮಾಡಿ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಸ್ವಯಂಚಾಲನೆ ಎಂದರೇನು?

ತಾನಾಗಿ ನಡೆಯುವ ಯಾವ ಏರ್ಪಾಡಿನಲ್ಲಿಯೂ ಮೂರು ಅಂಗಗಳಿರುತ್ತವೆ: ಸ್ಥಿತಿಯನ್ನು ಅರಿಯುವ ಅಂಗ, ತೀರ್ಮಾನಿಸುವ ಅಂಗ, ಕೆಲಸ ಮಾಡುವ ಅಂಗ. ಇದು ಹೊಸ ವಿಚಾರವಲ್ಲ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಕ್ಟೆಸಿಬಿಯಸ್ ಎಂಬಾತನು ಜಲಗಡಿಯಾರಕ್ಕೆ ನೀರು ಒಂದೇ ಸಮನಾಗಿ ಬರಲೆಂದು ತೇಲುಬುರುಡೆಯನ್ನು ಬಳಸಿದನೆಂದು ಹೇಳುತ್ತಾರೆ. ನೀರು ಏರಿದರೆ ಬುರುಡೆ ಏರಿ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ ಇಂದಿಗೂ ನಡೆಯುವುದು ಇದೇ. ಮನೆಯ ವಿದ್ಯುತ್ ತಂತಿಗಳ ಮೂಲಕವೇ ಸಂಕೇತ ಕಳುಹಿಸುವ ಎಕ್ಸ್-10 ಎಂಬ ಪದ್ಧತಿ 1975ರಲ್ಲಿ ಬಂದಿತು. ಬೆಲೆ ನಮ್ಮ ಕೈಗೆ ಎಟುಕಿದ್ದು 2014ರಿಂದೀಚೆಗೆ. ಆ ವರ್ಷ ಶಾಂಘೈಯ ಎಸ್ಪ್ರೆಸಿಫ್ ಸಂಸ್ಥೆಯ ಇಎಸ್‌ಪಿ-8266 ಎಂಬ ಚಿಪ್ಪು ಬಳಕೆಗೆ ಬಂದು, ವೈಫೈ ಸಂಪರ್ಕವುಳ್ಳ ಪುಟ್ಟ ಬೋರ್ಡು ಕೆಲವು ನೂರು ರೂಪಾಯಿಗಳಿಗೆ ಸಿಗುವಂತಾಯಿತು. ಅದಕ್ಕೆ ಬೇಕಾದ ಟ್ಯಾಸ್ಮೋಟ ಮುಂತಾದ ತಂತ್ರಾಂಶಗಳು ಪುಕ್ಕಟೆಯಾಗಿ ದೊರೆಯುತ್ತವೆ.

ಮೊದಲನೆಯ ಪ್ರಯತ್ನ ಮತ್ತು ಅದರ ಫಲ

ನಮ್ಮ ಮನೆಯಲ್ಲಿ ನಲ್ಲಿಯ ನೀರು ಸಂಪಿಗೆ ಬೀಳುತ್ತದೆ. ಅಲ್ಲಿಂದ ಅರ್ಧ ಎಚ್.ಪಿ. ಮೋಟಾರು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಅಮ್ಮ ಮೋಟಾರು ಹಾಕಿ ಒಲೆಯ ಮುಂದೆ ಕುಳಿತರೆ ಮರೆತುಬಿಡುವುದುಂಟು. ನೀರು ಬೀದಿಗೆ ಹರಿದ ಮೇಲೆ ಪಕ್ಕದ ಮನೆಯವರು ಕೂಗಿ ಹೇಳಬೇಕು. ಇದನ್ನು ತಪ್ಪಿಸಲು ಒಂದು ಬೋರ್ಡನ್ನೂ 10 ಆಂಪಿಯರಿನ ಒಂದು ರಿಲೇಯನ್ನೂ ತಂದೆ. ರಿಲೇ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಕಿ ತೆಗೆಯುವ ಸ್ವಿಚ್ಚು. ಮೋಟಾರನ್ನು ನೇರವಾಗಿ ಅದಕ್ಕೆ ಜೋಡಿಸಿ, 20 ನಿಮಿಷದ ಮೇಲೆ ನಿಲ್ಲುವಂತೆ ಏರ್ಪಡಿಸಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದಕಾರಣ ನಾನು ತಂತಿ ಮುಟ್ಟಿದಾಗ ಯಾರೂ ಬೇಡವೆನ್ನಲಿಲ್ಲ.

ಎರಡು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಮೂರನೆಯ ವಾರದ ಒಂದು ದಿನ ಮನೆಯವರು ಹೊಲಕ್ಕೆ ಹೋಗಿದ್ದರು, ನಾನು ತರಗತಿಯಲ್ಲಿದ್ದೆ. ಮೊಬೈಲಿನಲ್ಲಿ ‘ಆಫ್’ ಎಂದು ಕಂಡು ನೆಮ್ಮದಿಯಿಂದ ಪಾಠ ಕೇಳುತ್ತಿದ್ದೆ. ಅತ್ತ ಮೋಟಾರು ಓಡುತ್ತಲೇ ಇತ್ತು. ಟ್ಯಾಂಕು ತುಂಬಿ ಹರಿಯಿತು, ಸಂಪು ಬರಿದಾಯಿತು, ನೀರಿಲ್ಲದೆ ಓಡಿ ಓಡಿ ಮೋಟಾರಿನ ಸುರುಳಿ ಸುಟ್ಟುಹೋಯಿತು. ರಿವೈಂಡಿಂಗಿಗೆ 1,600 ರೂಪಾಯಿ ಹಿಡಿಯಿತು. ಅಪ್ಪ ಬೈಯಲಿಲ್ಲ. “ಓದಿದವನು ಮಾಡಿದ್ದು, ಸರಿ ಇರ್ತದೆ ಅಂದ್ಕೊಂಡಿದ್ವಿ ಕಣಪ್ಪ” ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಕಾರಣವನ್ನು ತಿಳಿಸಿದವರು ನಮ್ಮೂರ ಎಲೆಕ್ಟ್ರಿಷಿಯನ್. ಅರ್ಧ ಎಚ್.ಪಿ. ಮೋಟಾರು ಓಡುವಾಗ ಎಳೆಯುವುದು ಸುಮಾರು 3 ಆಂಪಿಯರ್. ಆದರೆ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಆ ಕಿಡಿಗೆ ಅಗ್ಗದ ರಿಲೇಯ ಒಳಗಿನ ತುಂಡುಗಳು ಬೆಸೆದುಕೊಂಡಿದ್ದವು. ಬೋರ್ಡು ‘ನಿಲ್ಲು’ ಎಂದು ಆಜ್ಞೆ ಕೊಟ್ಟಿತ್ತು, ಮೊಬೈಲು ತೋರಿಸಿದ್ದು ಆ ಆಜ್ಞೆಯನ್ನು ಮಾತ್ರ. ಆಜ್ಞೆ ನಡೆಯಿತೋ ಇಲ್ಲವೋ ಎಂದು ನೋಡುವ ಕಣ್ಣು ನನ್ನ ಏರ್ಪಾಡಿನಲ್ಲಿ ಇರಲಿಲ್ಲ.

ಸರಿಯಾದ ಕ್ರಮ

ಆಮೇಲೆ ಅವರ ಕೈಯಿಂದಲೇ ಜೋಡಿಸಿದ ಕ್ರಮ ಹೀಗಿದೆ. ಮೋಟಾರಿನ ಭಾರವನ್ನು ಹೊರುವುದು ಕಾಂಟ್ಯಾಕ್ಟರ್. ಅದರ ಸುರುಳಿಗೆ ಹೋಗುವ ಸಣ್ಣ ವಿದ್ಯುತ್ತಿನ ದಾರಿಯಲ್ಲಿ ಮೂರು ಕಾವಲುಗಾರರು ಸಾಲಾಗಿ ನಿಂತಿದ್ದಾರೆ. ಟ್ಯಾಂಕಿನ ಫ್ಲೋಟ್ ಸ್ವಿಚ್ಚು ತುಂಬಿದೊಡನೆ ದಾರಿ ಕಡಿಯುತ್ತದೆ. ಸಂಪಿನ ಫ್ಲೋಟ್ ಸ್ವಿಚ್ಚು ನೀರು ಬರಿದಾದರೆ ಕಡಿಯುತ್ತದೆ. ಬೋರ್ಡಿನ ರಿಲೇ ಬೆಳಿಗ್ಗೆ 6 ಗಂಟೆಗೆ ಕೂಡಿಕೊಂಡು, 30 ನಿಮಿಷ ಮೀರಿದರೆ ಬಿಡುತ್ತದೆ. ಮೂವರೂ ಒಪ್ಪಿದರೆ ಮಾತ್ರ ಮೋಟಾರು ಓಡುವುದು, ಒಬ್ಬರು ಬೇಡವೆಂದರೂ ನಿಲ್ಲುವುದು. ಎರಡು ಫ್ಲೋಟುಗಳಿಗೆ ವೈಫೈಯೂ ಬೇಡ, ಮೊಬೈಲೂ ಬೇಡ.

ಈ ಬೋರ್ಡಿಗೆ ಸ್ವಂತ ಗಡಿಯಾರವಿಲ್ಲ, ಹೊತ್ತನ್ನು ಅಂತರಜಾಲದಿಂದ ಕೇಳಿ ತಿಳಿಯುತ್ತದೆ. ಕರೆಂಟು ಹೋಗಿ ಬಂದಾಗ ಅಂತರಜಾಲವಿಲ್ಲದಿದ್ದರೆ ಅದಕ್ಕೆ ಬೆಳಗೂ ತಿಳಿಯದು, ರಾತ್ರಿಯೂ ತಿಳಿಯದು. ಆದ್ದರಿಂದ ಬೋರ್ಡಿನ ರಿಲೇಗೆ ಸಮಾಂತರವಾಗಿ ಗೋಡೆಯ ಮೇಲೆ ಒಂದು ಕೈಸ್ವಿಚ್ಚನ್ನು ಇರಿಸಿದ್ದೇವೆ. ಅಮ್ಮ ಅದನ್ನು ಒತ್ತಿದರೂ ಫ್ಲೋಟುಗಳ ಕಾವಲು ಹಾಗೆಯೇ ಉಳಿಯುತ್ತದೆ. ಟ್ಯಾಸ್ಮೋಟದಲ್ಲಿ, ಕರೆಂಟು ಮರಳಿದಾಗ ರಿಲೇ ಯಾವ ಸ್ಥಿತಿಯಲ್ಲಿರಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು. ಮೋಟಾರಿಗೆ ಅದು ‘ಆಫ್’ ಎಂದೇ ಇರತಕ್ಕದ್ದು.

ಅಜ್ಜಿಯ ದೀಪ

ಎರಡನೆಯ ಅಗತ್ಯ ರಾತ್ರಿಯ ಬೆಳಕು. ಅಜ್ಜಿ ಕತ್ತಲಲ್ಲಿ ಸ್ವಿಚ್ಚು ತಡಕುತ್ತ ಹೋಗಿ ಒಮ್ಮೆ ಬಚ್ಚಲ ಹೊಸ್ತಿಲಲ್ಲಿ ಎಡವಿದ್ದರು. ಬೆಚ್ಚಗಿನ ದೇಹ ಅಲುಗಾಡಿದರೆ ಅದರಿಂದ ಹೊಮ್ಮುವ ಅವಕೆಂಪು ಕಿರಣದ ಬದಲಾವಣೆಯನ್ನು ಪಿ.ಐ.ಆರ್. ಎಂಬ ಸಂವೇದಕ ಗುರುತಿಸುತ್ತದೆ. ಈ ಸಂವೇದಕವುಳ್ಳ ಎರಡು ಸಣ್ಣ ದೀಪಗಳನ್ನು ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಹಾಕಿದೆ. ಅಜ್ಜಿ ಯಾವ ಯಂತ್ರದೊಡನೆಯೂ ಮಾತಾಡಬೇಕಾಗಿಲ್ಲ, ಎದ್ದು ನಡೆದರೆ ಸಾಕು. ದೊಡ್ಡ ದೀಪಗಳನ್ನೂ ಬೋರ್ಡಿಗೆ ಜೋಡಿಸಬೇಕೆನ್ನುವವರು ಮಹಡಿ ಮೆಟ್ಟಿಲಿನ ದೀಪದಂತೆ ‘ಟೂ-ವೇ’ ಕ್ರಮದಲ್ಲಿ ಜೋಡಿಸಲಿ. ಆಗ ಗೋಡೆಯ ಸ್ವಿಚ್ಚು ಎಂದಿನಂತೆ ಕೆಲಸ ಮಾಡುತ್ತದೆ. ನಮ್ಮ ಅನೇಕ ಮನೆಗಳ ಸ್ವಿಚ್ ಬೋರ್ಡಿಗೆ ನ್ಯೂಟ್ರಲ್ ತಂತಿ ಬಂದಿರುವುದಿಲ್ಲ, ಅದಿಲ್ಲದೆ ಇಂಥ ಬೋರ್ಡುಗಳು ನಡೆಯವು. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆಯಾದ್ದರಿಂದ ಅಲ್ಲಿಂದ ಆರಂಭಿಸುವುದು ಸುಲಭ.

ಖರ್ಚಿನ ಲೆಕ್ಕ

ನಮಗೆ ತಗಲಿದ ವೆಚ್ಚ: ಬೋರ್ಡು 280, ರಿಲೇ 90, ಎರಡು ಫ್ಲೋಟುಗಳು 600, ಕಾಂಟ್ಯಾಕ್ಟರ್ 750, ಪೆಟ್ಟಿಗೆ ಮತ್ತು ತಂತಿ 300, ರಾತ್ರಿಯ ದೀಪಗಳು 600, ಕೂಲಿ 500, ಒಟ್ಟು 3,120 ರೂಪಾಯಿ. ಬೋರ್ಡಿಗೆ ಹಳೆಯ ಮೊಬೈಲಿನ ಚಾರ್ಜರೇ ಸಾಕಾಯಿತು. ಸುಟ್ಟ ಮೋಟಾರಿನ 1,600 ರೂಪಾಯಿ ಇದರಲ್ಲಿ ಸೇರಿಲ್ಲ. ಅದು ನನ್ನ ಗುರುದಕ್ಷಿಣೆ.

ಎಲ್ಲವನ್ನೂ ಒಂದೆಡೆ ನಡೆಸಲು ‘ಹೋಮ್ ಅಸಿಸ್ಟೆಂಟ್’ ಎಂಬ ಪುಕ್ಕಟೆ ತಂತ್ರಾಂಶವಿದೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬವರು ಇದನ್ನು ಆರಂಭಿಸಿದರು. ಹೊರಗಿನ ಅಂತರಜಾಲ ಕಡಿದುಹೋದರೂ ಮನೆಯೊಳಗಿನ ಕೆಲಸವನ್ನು ಇದು ನಡೆಸಬಲ್ಲದು. ಆದರೆ ಇದಕ್ಕೆ ಹಗಲಿರುಳೂ ಓಡುವ ಒಂದು ಗಣಕಯಂತ್ರ ಬೇಕು. 20 ವ್ಯಾಟ್ ಎಳೆಯುವ ಹಳೆಯ ಲ್ಯಾಪ್‌ಟಾಪು ತಿಂಗಳಿಗೆ 14 ಯೂನಿಟ್ಟಿಗಿಂತ ಹೆಚ್ಚು ಉಣ್ಣುತ್ತದೆ. 5 ವ್ಯಾಟಿನ ಸಣ್ಣ ಗಣಕಕ್ಕೆ 3.6 ಯೂನಿಟ್ಟು ಸಾಕು. ಒಂದು ಮೋಟಾರು, ಎರಡು ದೀಪಗಳಿರುವ ಮನೆಗೆ ಎರಡೂ ಬೇಡವೆಂದು ನಾನು ಬಿಟ್ಟುಬಿಟ್ಟೆ.

ಉಪಸಂಹಾರ

ಮಿತವ್ಯಯವೆಂದರೆ ಅಗ್ಗದ ವಸ್ತುಗಳನ್ನು ಕೊಳ್ಳುವುದಲ್ಲ. ಬೇಡದ್ದನ್ನು ಬಿಟ್ಟು, ಭಾರ ಹೊರುವ ವಸ್ತುವಿಗೆ ತಕ್ಕ ಬೆಲೆ ಕೊಡುವುದು. ತಂತಿ, ಕಾಂಟ್ಯಾಕ್ಟರ್‌ಗಳಲ್ಲಿ ಕೈ ಹಿಡಿಯಬಾರದು. ಷಾಕಿನಿಂದ ಕಾಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದ ಮನೆಯಲ್ಲಿ ಮೊದಲ ಖರ್ಚು ಅದಕ್ಕೇ ಸಲ್ಲಬೇಕು. ಯಾವುದನ್ನು ಜೋಡಿಸುವ ಮುನ್ನವೂ “ಇದು ಕೆಟ್ಟರೆ ಮನೆ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ?” ಎಂದು ಕೇಳಿಕೊಳ್ಳಬೇಕು. ಆ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ಮೋಟಾರು ಸುಟ್ಟ ಮೇಲೆ. ನನ್ನ ಸಹಪಾಠಿಗಳು ಮೊದಲೇ ಕೇಳಿಕೊಂಡರೆ ಈ ಬರಹ ಸಾರ್ಥಕವಾಯಿತೆಂದು ಭಾವಿಸುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿ